ರಾಜಮಾತೆಯ ಒಳಲೆ

"ಕೇಳಿರಿ, ಕೆಂಗಲ್ಲುದುರ್ಗದ ಪ್ರಜೆಗಳೇ ಕೇಳಿರಿ. ಹಾಸಿಗೆ ಹಿಡಿದಿರುವ ರಾಜಮಾತೆ ಚಂಪಲಾದೇವಿಯವರು ಮೂರು ಒಗಟು ನುಡಿದಿದ್ದಾರೆ. ಬಿಡಿಸಿದವರು ಬೇಡಿದ್ದನ್ನು ಪಡೆಯುವರು. ತಪ್ಪು ಹೇಳಿದವರಿಗೆ ಅಮಾವಾಸ್ಯೆಯ ದಿನ ಶೂಲ."

ದೊರೆ ಮಲ್ಲಭೂಪನಿಗೆ ತಾಯಿಯೆಂದರೆ ಪ್ರಾಣ. ಒಗಟು ಬಿಡಿಸಿದರೆ ಅವಳು ಎದ್ದು ಕೂರುತ್ತಾಳೆಂದು ಜೋಯಿಸರು ಹೇಳಿದ್ದನ್ನು ನಂಬಿ ಈ ಡಂಗುರ ಹೊಡೆಸಿದ್ದ. ಕೂಸುಗಳಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆಯಲ್ಲಿ ದಿನವೂ ತಾನೇ ಅವಳ ಬಾಯಿಗೆ ಗಂಜಿ ಹೊಯ್ಯುತ್ತಿದ್ದ. "ಸಾಕು ಮಗನೇ" ಎಂದು ಅವಳು ಅಂದಾಗಲೆಲ್ಲ ಅವನ ಕಣ್ಣು ತುಂಬಿ ಬರುತ್ತಿತ್ತು. ಇನ್ನೊಂದು ಒಳಲೆ ಹೊಯ್ಯುತ್ತಿದ್ದ.

ಉತ್ತರವನ್ನು ರಾಜಮಾತೆಯ ಕೋಣೆಯಲ್ಲೇ ಹೇಳಬೇಕು, ಸರಿಯಿದ್ದರೆ ಅವಳು ತಲೆಯಾಡಿಸುತ್ತಾಳೆ ಎಂದು ಕಟ್ಟಳೆಯಾಯಿತು. ಮೊದಲು ಬಂದವರು ಆಸ್ಥಾನದ ಪಂಡಿತರು. ದೊರೆ ಕೇಳಿದ: "ಹೂವಿನಂಥ ಹಾಸಿಗೆ, ಕೆಳಗೆ ಒಲೆಯಿಲ್ಲ, ಆದರೂ ಬೆನ್ನು ಸುಡುತ್ತದೆ. ಯಾವ ಬೆಂಕಿ?" ವಿರಹ ಎಂದರು ಪಂಡಿತರು. ಹಲ್ಲೆಲ್ಲ ಉದುರಿದ ಮುದುಕಿಗೆ ವಿರಹವಂತೆ! ಆಕೆ ಅಲುಗಲಿಲ್ಲ, ಪಂಡಿತರು ಸೆರೆ ಸೇರಿದರು. ಆಮೇಲೆ ಬಂದ ಪಾಳೆಯಗಾರನ ಮಗ ಪಿತ್ತದ ಉರಿ ಎಂದ. ಅವನೂ ಅಲ್ಲಿಗೇ ಹೋದ.

ಆಗ ಬಂದವನು ಮೇದರ ಕೇತ, ಮೊರ ಹೆಣೆದು ಮಾರುವವನು. ಅವನನ್ನು ಸಾಕಿದ್ದು ಅವನ ಅಜ್ಜಿ, ಕೊನೆಗಾಲದಲ್ಲಿ ಅವಳನ್ನು ನೋಡಿಕೊಂಡದ್ದು ಅವನು. ರಾಜ್ಯದ ಆಸೆ ಅವನಿಗಿರಲಿಲ್ಲ. ಸುಡುವ ಬೆನ್ನಿನ ಒಗಟು ಊರ ಬಾಯಿಗೆ ಬಿದ್ದು ಅವನ ಕಿವಿಗೂ ಬಂದಿತ್ತು, ಕೇಳಿ ಸುಮ್ಮನಿರಲು ಆಗಲಿಲ್ಲ, ಅಷ್ಟೇ.

ಮೊದಲ ಒಗಟು ಕೇಳಿ ಕೇತ ದೊರೆಯ ಕಡೆ ನೋಡಲೇ ಇಲ್ಲ. ಮಂಚದ ಪಕ್ಕ ಕೂತು, "ಅವ್ವಾ, ಮಗ್ಗುಲು ಹೊರಳಿಸ್ಲಾ?" ಎಂದು ಆಕೆಯನ್ನೇ ಕೇಳಿದ. ಆಕೆ ಕಣ್ಣು ಮುಚ್ಚಿ ತೆರೆದಳು. ಮೆಲ್ಲಗೆ ಹೊರಳಿಸಿದ. ಬೆನ್ನ ತುಂಬ ಹುಣ್ಣು. ಅಪ್ಪಣೆಯಿಲ್ಲದೆ ರಾಜಮಾತೆಯ ಮೈ ಮುಟ್ಟುವಂತಿಲ್ಲವೆಂದು ದಾಸಿಯರು ದೂರ ನಿಂತಿದ್ದರು, ದೊರೆಗೆ ಅಪ್ಪಣೆ ಕೊಡಲು ಹೊಳೆದಿರಲಿಲ್ಲ. ಅವನು ನೋಡುತ್ತಿದ್ದುದು ತಾಯಿಯ ಬಾಯನ್ನು ಮಾತ್ರ. ರಾಜಮಾತೆ ತಲೆಯಾಡಿಸಿದಳು. ದೊರೆಯ ಮುಖ ಕಪ್ಪಿಟ್ಟಿತು.

ಎರಡನೆಯದನ್ನು ಅವನು ತಗ್ಗಿದ ದನಿಯಲ್ಲಿ ಕೇಳಿದ: "ಕೋಣೆ ತುಂಬ ಜನ, ಎಲ್ಲರ ಬಾಯಲ್ಲೂ ಅವಳದೇ ಮಾತು. ಅವಳು ಮಾತ್ರ ಅಲ್ಲಿಲ್ಲ. ಎಲ್ಲಿದ್ದಾಳೆ?"

"ಇಲ್ಲೇ ಅವ್ರೆ ಬುದ್ಧಿ, ಮಂಚದ ಮ್ಯಾಲೆ. ಎಲ್ಲಾರೂ ನಿಮ್ಮನ್ನೇ ಕೇಳ್ತಾರೆ, ಇವ್ರನ್ನ ಯಾರೂ ಕೇಳಾಕಿಲ್ಲ."

ರಾಜಮಾತೆ ಮತ್ತೆ ತಲೆಯಾಡಿಸಿದಳು. ಕೋಣೆಯಲ್ಲಿದ್ದ ವೈದ್ಯರು ಗೋಡೆ ನೋಡತೊಡಗಿದರು. ದೊರೆ ಕೈ ಎಲ್ಲಿಡಬೇಕೆಂದು ತಿಳಿಯದೆ ಅಭ್ಯಾಸಬಲದಿಂದ ಒಳಲೆ ಎತ್ತಿ ತಾಯಿಯ ಬಾಯಿಗೆ ಹಿಡಿದ. ಹಿಡಿದುಕೊಂಡೇ ಮೂರನೆಯದನ್ನು ಅವಳು ನುಡಿದ ಮಾತಿನಲ್ಲೇ ಕೇಳಿದ: "ತೊಟ್ಟಿಲಲ್ಲಿದ್ದಾಗ ನಿನಗೆ ನಾನು ಮಾಡಿದ್ದು, ಈಗ ನಿನ್ನನ್ನು ನಾನು ಬೇಡುವುದು, ಎರಡಕ್ಕೂ ಮಾತು ಒಂದೇ. ಯಾವುದು?"

ಗಂಜಿ ಆಕೆಯ ತುಟಿಯಂಚಿನಿಂದ ಇಳಿಯಿತು. "ಸಾಕು ಮಗನೇ" ಎಂದಳು.

ಇದನ್ನು ಹೇಳಿದರೆ ಶೂಲವೇ ಗತಿ ಎಂದು ಕೇತನಿಗೆ ಅನ್ನಿಸಿತು, ಆದರೂ ಹೇಳಿದ. "ಈಗ್ತಾನೆ ಅವ್ರೇ ಹೇಳಿದ್ರಲ್ಲ ಬುದ್ಧಿ. ಸಾಕು. ಅವತ್ತು ನಿಮ್ಮನ್ನ ಸಾಕಿದ್ರು. ಇವತ್ತು ಸಾಕು ಅಂತಾವ್ರೆ."

ದೊರೆಯ ಕೈಯಿಂದ ಒಳಲೆ ಜಾರಿತು. "ತನ್ನನ್ನು ಸಾಕು ಅಂತ ಬೇಡುತ್ತಿದ್ದಾಳೆ ಅಂದುಕೊಂಡಿದ್ದೆ" ಎಂದ. ಬೇಡವೆಂದ ತಾಯಿಯ ಬಾಯಿಗೆ ದಿನದಿನವೂ ಸುರಿದು, ಅದನ್ನೇ ಪ್ರೀತಿಯೆಂದು ಮೆರೆದಿದ್ದ. ಅಷ್ಟು ಜನರ ಮುಂದೆ ತಲೆಯೆತ್ತಲಾಗದೆ ನೆಲಕ್ಕೆ ಕುಸಿದ. ಆಮೇಲೆ, ಮೊದಲ ಬಾರಿಗೆ, "ಏನು ಬೇಕಮ್ಮಾ?" ಎಂದು ಕೇಳಿದ.

"ಒದ್ದೆ ಬಟ್ಟೆ ತುಟಿಗೆ ಒತ್ತು. ಕೈ ಹಿಡ್ಕೋ. ಸೆರೆಯಲ್ಲಿರೋರನ್ನ ಬಿಟ್ಟುಬಿಡು. ನನ್ನನ್ನೂ."

ದೊರೆ ಹಾಗೇ ಮಾಡಿದ. ಬೆನ್ನಿನ ನೋವಿಗೆ ವೈದ್ಯರಿಂದ ಲೇಪ ಹಚ್ಚಿಸಿದ, ಮಗ್ಗುಲು ಹೊರಳಿಸುವುದನ್ನು ಕೇತನಿಂದ ಕಲಿತು ತಾನೇ ಮಾಡಿದ. ಕೆಲವು ದಿನಕ್ಕೆ ಚಂಪಲಾದೇವಿ ಮಗನ ಕೈ ಹಿಡಿದುಕೊಂಡೇ ಹೋದಳು.

ಸೂತಕ ಕಳೆದ ಮೇಲೆ ಕೇತನನ್ನು ಸಭೆಗೆ ಕರೆಸಿದರು. ಅವನು ಬಿದಿರುಮೆಳೆಯಿರುವ ಒಂದು ತುಂಡು ನೆಲ ಕೇಳಿದ. ದೊರೆ ಅದನ್ನು ಕೊಟ್ಟ, ಊರು ಕೊಡುತ್ತೇನೆಂದ, ಕೊರಳಿನ ಸರ ಬಿಚ್ಚಿ ಅವನ ಕೊರಳಿಗೆ ಹಾಕಹೋದ.

"ಸಾಕು ಬುದ್ಧಿ" ಎಂದ ಕೇತ.

ದೊರೆಯ ಕೈ ಅಲ್ಲೇ ನಿಂತಿತು. ಈ ಸಲ ಒಂದೇ ಮಾತಿಗೆ ಅರ್ಥವಾಗಿತ್ತು. ಸರ ಕೈಯಲ್ಲಿ ಹಿಡಿದುಕೊಂಡು, ಅಷ್ಟು ದೊಡ್ಡ ದೊರೆ ಸಭೆಯ ನಡುವೆ ಅತ್ತುಬಿಟ್ಟ.