ಬಟ್ಟಲ ನೀರನ್ನು ಬತ್ತಿಸಿದ ಬಲ್ಬು

ದೇವರು ಜೀವ ಬಚ್ಚಿಟ್ಟ ಕೋಳಿಮೊಟ್ಟೆಗಳನ್ನು ಕಾಶವ್ವ ಥರ್ಮಕೋಲ್ ಪೆಟ್ಟಿಗೆಯಲ್ಲಿಟ್ಟು, ಕಾವಿಗೊಂದು ಬಲ್ಬನ್ನೂ ತೇವಕ್ಕೊಂದು ನೀರಿನ ಬಟ್ಟಲನ್ನೂ ಇರಿಸಿದ್ದಳು. ದಿನಾ ಬೆಳಿಗ್ಗೆ ಬಟ್ಟಲು ತುಂಬಿ, ಅಂಚು ಒರೆಸಿ ಹೋಗುವಳು; ಬಲ್ಬಿನ ಕಡೆ ತಿರುಗಿಯೂ ನೋಡಳು. ಬಲ್ಬಿಗೆ ಹೊಟ್ಟೆ ಉರಿಯಿತು.

“ಮೈ ಸುಟ್ಟುಕೊಳ್ಳುವವಳು ನಾನು, ಉಪಚಾರವೆಲ್ಲ ನಿನಗೇನೇ?”

“ಕೊಟ್ಟವಳು ಅವಳು, ಕೊಡಿಸಿದವನು ದೇವರು. ನನ್ನ ಮೇಲೇಕೆ ಸಿಟ್ಟು ಅಕ್ಕಾ?” ಎಂದಿತು ಬಟ್ಟಲು.

ಕಾಶವ್ವ ನೀರು ಹಾಕಲು ಮರೆತ ದಿನ ಬಲ್ಬು ಹಲ್ಲು ಕಚ್ಚಿ ಉರಿದು ಬಟ್ಟಲನ್ನು ಬತ್ತಿಸಿಯೇ ಬಿಟ್ಟಿತು. ಗೆದ್ದೆನೆಂದು ಬೀಗುವಷ್ಟರಲ್ಲಿ, ಬಿರುಕು ಬಿಟ್ಟ ಮೊಟ್ಟೆಯೊಳಗಿಂದ ಮರಿ ಚೀರಿತು: “ಅವ್ವಾ, ಪೊರೆ ಒಣಗಿ ಮೈಗೆ ಅಂಟಿದೆ, ಉಸಿರು ಕಟ್ಟುತ್ತಿದೆ!”

ಬಲ್ಬು ಮೊಟ್ಟೆಯತ್ತ ನೋಡಿತು. ತಾನು ಉರಿದಷ್ಟೂ ಪೊರೆ ಬಿಗಿಯುತ್ತಿತ್ತು. “ತಪ್ಪಾಯಿತು ದೇವರೇ, ಕೂಸನ್ನು ಉಳಿಸು,” ಎಂದು ತಾನಾಗಿ ಆರಿಹೋಯಿತು. ಬೆಳಕು ಹೋದದ್ದು ಕಂಡು ಕಾಶವ್ವ ಓಡಿಬಂದು ಮುಚ್ಚಳ ತೆಗೆದಳು. ಬರಿದಾದ ಬಟ್ಟಲಿಗೆ ಬಿಸಿನೀರು ಹೊಯ್ದಳು. ಹಬೆಗೆ ಪೊರೆ ಮೆತ್ತಗಾಗಿ ಮರಿ ಹೊರಬಿತ್ತು, ಒದ್ದೆ ಮೈಯಲ್ಲಿ ಗಡಗಡ ನಡುಗುತ್ತಾ.

“ಅಕ್ಕಾ, ಇದರ ಮೈ ಆರಿಸುವುದು ನನ್ನಿಂದಾಗದು. ಬೇಗ ಹೊತ್ತಿಕೋ!” ಎಂದು ಬಟ್ಟಲು ಬೇಡಿಕೊಂಡಿತು.

ಬಲ್ಬು ನಾಚಿಕೊಂಡೇ ಹೊತ್ತಿಕೊಂಡಿತು. ಮರಿ ತಡವರಿಸುತ್ತಾ ಬಂದು ಅದರ ಬೆಳಕಿನಲ್ಲಿ ಬೆಚ್ಚಗೆ ನಿದ್ದೆಹೋಯಿತು.