ನಡುಗೋಡೆ ಕೆಡವಿದ ರೋಗಾಣು

ಇರಲು ಜಾಗ ಹುಡುಕುತ್ತಾ ತರಕಾರಿ ಬುಟ್ಟಿಗೆ ಬಂದ ಒಂದು ರೋಗಾಣುವಿಗೆ ಬೆಳ್ಳುಳ್ಳಿಯ ಎಸಳು ಬಲು ಹಿಡಿಸಿತು. ಬೆಳ್ಳನೆಯ ಗೋಡೆ, ತಂಪು ನೆರಳು, ಒಂದಿಷ್ಟೂ ವಾಸನೆಯಿಲ್ಲ!

"ಧಾರಾಳವಾಗಿ ಇರಿ ಸ್ವಾಮಿ," ಎಂದಿತು ಬೆಳ್ಳುಳ್ಳಿ. "ನನ್ನೊಳಗಿನ ಎರಡು ರಸಗಳು ಅಣ್ಣತಮ್ಮಂದಿರು; ಅಣ್ಣ ಒಂದು ಕೋಣೆಯಲ್ಲಿ, ತಮ್ಮ ಇನ್ನೊಂದು ಕೋಣೆಯಲ್ಲಿ ಇದ್ದಾರೆ. ಬೇರೆಬೇರೆ ಇರುವಷ್ಟು ಹೊತ್ತು ಇಬ್ಬರೂ ಸಾಧುಗಳು. ನಡುಗೋಡೆಯ ತಂಟೆಗೆ ಮಾತ್ರ ಹೋಗಬೇಡಿ."

ಮಧ್ಯಾಹ್ನದೊಳಗೆ ರೋಗಾಣುವಿನ ಸಂಸಾರ ಸಾವಿರ ತಲೆಯಾಯಿತು. ಮೊಮ್ಮಕ್ಕಳಿಗೆ ಆಡಲು ಜಾಗ ಸಾಲದು. ಗೋಡೆ ಕೆಡವಿದರೆ ಭರ್ಜರಿ ಪಡಸಾಲೆಯೇ ಆಗುತ್ತದಲ್ಲ ಎಂದು ಅದಕ್ಕೆ ಹೊಳೆಯಿತು. ಆದರೆ ಬಾಯಲ್ಲಿ ಹೇಳಿದ್ದೇ ಬೇರೆ: "ಒಡಹುಟ್ಟಿದವರು ಮುಖ ನೋಡದೆ ಬದುಕುವುದೆಂದರೇನು? ನಾನಿರುವಾಗ ಅದು ಸಲ್ಲದು!" ಹೀಗೆಂದು ದೊಡ್ಡ ಮನುಷ್ಯನ ಗತ್ತಿನಲ್ಲಿ ಗೋಡೆ ಕೊರೆದು ಉರುಳಿಸಿತು.

"ಅಣ್ಣಾ!" "ತಮ್ಮಾ!" ಇಬ್ಬರೂ ಓಡಿಬಂದು ತಬ್ಬಿಕೊಂಡರು. ಆ ಅಪ್ಪುಗೆಯಿಂದ ಭಗ್ಗನೆ ಎದ್ದ ಘಾಟಿಗೆ ರೋಗಾಣು ಮಕ್ಕಳುಮರಿ ಸಮೇತ ಅಂಗಾತ ಬಿತ್ತು. "ಗೋಡೆ... ಗೋಡೆ ಕಟ್ಟಿ!" ಎನ್ನುತ್ತಲೇ ಕಣ್ಣು ಮುಚ್ಚಿತು.

ಪಕ್ಕದ ಈರುಳ್ಳಿ ಇಣುಕಿ, "ಏನದು ಗಲಾಟೆ?" ಎಂದು ಕೇಳಿತು.

ಬೆಳ್ಳುಳ್ಳಿ ಕಣ್ಣೊರೆಸಿಕೊಂಡು, "ಏನು ಹೇಳಲಿ ಅಕ್ಕಾ, ಅಂಥ ಪುಣ್ಯಾತ್ಮರನ್ನು ನಾನು ಕಾಣೆ. ನಮ್ಮ ಮನೆ ಒಂದು ಮಾಡಿಯೇ ಪ್ರಾಣ ಬಿಟ್ಟರು" ಎಂದಿತು.