ಇರುವೆ ಪಟ್ಟಣದ ಚಿಪ್ಪು

ಮಕ್ಕಳೇ, ಕೆರೆ ದಂಡೆಯ ಹೊಂಗೆ ಮರದ ಬೇರಿನಡಿ ಇರುವೆಗಳ ಒಂದು ದೊಡ್ಡ ಪಟ್ಟಣವಿತ್ತು. ಅಲ್ಲಿ ನಾಲ್ಕು ಬೀದಿ ಸೇರುವ ಚೌಕದಲ್ಲಿ ಬಸವನಹುಳುವಿನ ಒಂದು ಖಾಲಿ ಚಿಪ್ಪನ್ನು ನಿಲ್ಲಿಸಿದ್ದವು.

ಹಿಂದೊಂದು ಮಳೆಗಾಲದಲ್ಲಿ ಕೆರೆ ಉಕ್ಕಿ ನೀರು ಪಟ್ಟಣಕ್ಕೆ ನುಗ್ಗಿತ್ತು. ಆಗ ದಾರಿಹೋಕ ಬಸವನಹುಳುವೊಂದು ಬಾಗಿಲಿಗೆ ಮೈ ಅಡ್ಡ ಕೊಟ್ಟು ಮೂರು ದಿನ ಕದಲದೆ ಕೂತಿತು. ಇರುವೆಗಳು ಉಳಿದವು, ಅದು ಉಳಿಯಲಿಲ್ಲ. ಆ ಚಿಪ್ಪೇ ಇದು.

ಬೇರೆ ಊರಿನವರು ಬಂದರೆ ಇರುವೆಗಳು ಮೊದಲು ಅದನ್ನೇ ತೋರಿಸುತ್ತಿದ್ದವು. "ಕಷ್ಟದಲ್ಲಿದ್ದವರಿಗೆ ನೆರವಾಗೋದು ನಮ್ಮೂರ ಗುಣ" ಎನ್ನುತ್ತಿದ್ದವು. ನೆರವಾದದ್ದು ಪರವೂರಿನ ಹುಳು ಅನ್ನುವುದು ಮಾತ್ರ ಯಾರಿಗೂ ನೆನಪಾಗುತ್ತಿರಲಿಲ್ಲ.

ಇರುವೆಗಳ ಕಣ್ಣು ಮಂದ. ವಾಸನೆಯೇ ಅವಕ್ಕೆ ಗುರುತು. ಆದರೆ ವರ್ಷವರ್ಷವೂ ಹಬ್ಬ ಮಾಡಿ, ಚಿಪ್ಪನ್ನು ಉಜ್ಜಿ ಉಜ್ಜಿ, ಅದರ ವಾಸನೆಯೇ ಹೋಗಿಬಿಟ್ಟಿತ್ತು.

ಒಂದು ಬೇಸಿಗೆಯಲ್ಲಿ, ಹಬ್ಬದ ದಿನ ಮಧ್ಯಾಹ್ನವೇ, ಒಂದು ಬಸವನಹುಳು ತೆವಳುತ್ತ ಬಾಗಿಲಿಗೆ ಬಂತು.

"ಅಕ್ಕಾ, ಮೈಯೆಲ್ಲ ಒಣಗ್ತಿದೆ. ಬಿಸಿಲು ಇಳಿಯೋವರೆಗೆ ಈ ನೆರಳಲ್ಲಿ ಕೂತಿರ್ಲಾ?"

ಕಾವಲಿನ ಇರುವೆ ಮೀಸೆ ಆಡಿಸಿ ಮೂಸಿತು. "ಇದ್ಯಾವ ವಾಸನೆ? ನಮ್ಮೂರಲ್ಲಿ ಇಂಥದ್ದು ಇಲ್ವಲ್ಲ."

"ನನ್ನ ಮೈಯದೇ ಅಕ್ಕಾ."

"ಇವತ್ತು ಚಿಪ್ಪಿನ ಹಬ್ಬ ಕಣಮ್ಮ. ಬೆಳಗಿನಿಂದ ಬೀದಿ ಗುಡಿಸಿದ್ದೀವಿ. ನೀನು ಲೋಳೆ ಮೆತ್ತಿ ಹೋದ್ರೆ ಯಾರು ತೊಳೀಬೇಕು? ಆ ಬಂಡೆ ಹತ್ರ ಹೋಗು."

ಬಸವನಹುಳು ಬಿಸಿಲಿಗೆ ತಿರುಗಿ ಬಂಡೆಯ ಕಡೆ ತೆವಳಿತು.

ಸಂಜೆ ಅಜ್ಜಿ ಇರುವೆ ಬಾಗಿಲಿಗೆ ಬಂದಳು. ಅಂದಿನ ನೆರೆ ಕಂಡವರಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಹೊಸ್ತಿಲ ಮೇಲಿನ ಲೋಳೆಯ ಗೆರೆ ಮೂಸಿ ಗಕ್ಕನೆ ನಿಂತಳು.

"ಯಾರೇ ಬಂದಿದ್ದು ಇಲ್ಲಿಗೆ?"

"ಯಾರೋ ದಾರಿಹೋಕರು ಅಜ್ಜಿ. ಕಳಿಸಿಬಿಟ್ಟೆ."

"ಮೂರು ದಿನ ಮೊಟ್ಟೆ ತಬ್ಬಿಕೊಂಡು ಈ ವಾಸನೆ ಪಕ್ಕದಲ್ಲೇ ಕೂತಿದ್ದೆ ಕಣೇ. ನಮ್ಮನ್ನ ಉಳಿಸಿದವಳ ಕುಲದವಳು ಬಂದಿದ್ದಳು."

ಇಬ್ಬರೂ ಗೆರೆ ಹಿಡಿದು ಓಡಿದರು. ಬಂಡೆಯ ಹತ್ತಿರ ಗೆರೆ ಮುಗಿದಿತ್ತು. ಬಸವನಹುಳು ಚಿಪ್ಪಿನೊಳಗೇ ಒಣಗಿಹೋಗಿತ್ತು.

ಈಗ ಚೌಕದಲ್ಲಿ ಎರಡು ಚಿಪ್ಪುಗಳಿವೆ. ಎರಡನೆಯದನ್ನು ಉಜ್ಜಲು ಅಜ್ಜಿ ಯಾರನ್ನೂ ಬಿಡುವುದಿಲ್ಲ. ಕಾವಲಿನ ಇರುವೆ ದಿನಾ ಬೆಳಿಗ್ಗೆ ಅದನ್ನು ಮೂಸಿ, ಆಮೇಲೆ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಆ ದಾರಿಯಲ್ಲಿ ಇನ್ನೊಂದು ಬಸವನಹುಳು ಇದುವರೆಗೆ ಬಂದಿಲ್ಲ.

ನೀತಿ: ಉಪಕಾರ ಮಾಡಿದವರ ಸ್ಮಾರಕವನ್ನು ಉಜ್ಜಿ ಬೆಳಗಿದರೆ ಸಾಲದು, ಅವರಂಥವರು ಬಾಗಿಲಿಗೆ ಬಂದ ದಿನ ಒಳಗೆ ಕರೆಯಬೇಕು.